ಬಿಡಿಸಿ ಬರೆದ ಮನೆಪಾಠ

ಸಿರುಗುಪ್ಪದಲ್ಲಿ ಗೌತಮಿ ಬಾಡಿಗೆಗೆ ಇರುವ ಮನೆಯ ಅಡುಗೆಕೋಣೆಯ ಬಾಗಿಲನ್ನು ಮುಚ್ಚಿದರೆ ಅದರ ಹಿಂಬದಿಯಲ್ಲಿ ಒಂದು ಕಪ್ಪುಹಲಗೆ ಕಾಣುತ್ತದೆ. ಮನೆಯ ಯಜಮಾನರ ಒಪ್ಪಿಗೆ ಪಡೆದು ಅವಳೇ ಬಳಿದ ಬಣ್ಣ ಅದು. ಭಾನುವಾರ ಬೆಳಿಗ್ಗೆ ಅಡುಗೆ ಮುಗಿದೊಡನೆ ಬಾಗಿಲು ಮುಚ್ಚಿ, ಬೇಳೆಯ ಡಬ್ಬಿಗೆ ಫೋನನ್ನು ಒರಗಿಸಿ, ಸೀಮೆಸುಣ್ಣ ಹಿಡಿದು ಅವಳು ಪಾಠ ಮಾಡುತ್ತಾಳೆ. ಒಂದೊಂದು ಪಾಠ ಏಳು ನಿಮಿಷ. ವಾರಕ್ಕೆ ನಾಲ್ಕು ಪಾಠ. ಎದುರಿಗೆ ಮಕ್ಕಳಿಲ್ಲ, ಆದರೂ ನಡುನಡುವೆ “ಹ್ಞೂಂ ಅನ್ರಿ” ಎಂದು ಹೇಳಿ ಎರಡು ಕ್ಷಣ ಕಾಯುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಈರುಳ್ಳಿ ಮಾರುವ ತಳ್ಳುಗಾಡಿಯವನು “ಉಳ್ಳಾಗಡ್ಡೀಯ್” ಎಂದು ಕೂಗುತ್ತಾ ಹೋಗುತ್ತಾನೆ. ಆ ಕೂಗನ್ನು ತೆಗೆದುಹಾಕುವ ವಿದ್ಯೆ ಅವಳಿಗೆ ತಿಳಿಯದು. ಮಕ್ಕಳಿಗೂ ಅದು ಇದ್ದರೇ ಅನುಕೂಲ. “ಮೇಡಂ, ಉಳ್ಳಾಗಡ್ಡಿ ಬರೋತನಕ ತಿಳೀತ್ರಿ, ಹೋದಮ್ಯಾಲೆ ತಿಳೀಲಿಲ್ರಿ” ಎಂದರೆ ಪಾಠದ ಯಾವ ಭಾಗ ತಿಳಿಯಲಿಲ್ಲವೆಂಬುದು ಇಬ್ಬರಿಗೂ ಗೊತ್ತಾಗುತ್ತದೆ.

ಗೌತಮಿ ಕುರುಗೋಡಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ನಾನು ಕನ್ನಡ ಕಲಿಸುತ್ತಿದ್ದೆ. ಅವಳ ತಂದೆ ಓಬಣ್ಣ ಊರಿನಲ್ಲಿ ಮೂಟೆ ಹೊರುವ ಹಮಾಲಿ. ಓದು ಬಾರದು, ಆದರೆ ಓದಿದವರಿಂದ ಕೇಳಿ ತಿಳಿದುಕೊಳ್ಳುವ ಹಸಿವು ಬಹಳ. ಬುದ್ಧನನ್ನು ಸಾಕಿ ಬೆಳೆಸಿದ ತಾಯಿಯ ಹೆಸರು ಗೌತಮಿ ಎಂದು ಯಾರಿಂದಲೋ ಕೇಳಿ ಮಗಳಿಗೆ ಆ ಹೆಸರಿಟ್ಟಿದ್ದನು. ಒಂದು ದಿನ ಅವನು ಹೆಗಲ ಮೇಲಿನ ಚೀಲವನ್ನು ಕೆಳಗಿಳಿಸಿ ಶಾಲೆಯ ಗೇಟಿನ ಬಳಿ ನನ್ನನ್ನು ನಿಲ್ಲಿಸಿದನು.

“ಸರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳು ಸಾಲ್ಯಾಗ ಶ್ಯಾಣ್ಯಾಕಿ ಅಂತೀರಿ ನೀವು. ಮನಿಗೆ ಬಂದ ಕೂಡ್ಲೆ ದಡ್ಡಿ ಆಗ್ತಾಳ. ಲೆಕ್ಕ ಮುಂದಿಟ್ಕೊಂಡು ಅಳತಾಳ. ಒಬ್ಬಾಕಿನೇ ಎರಡು ಕಡಿ ಎರಡು ನಮೂನಿ ಹೆಂಗ ಆಕ್ಕಾಳ್ರಿ?”

ನಾನು ಏನೋ ಹೇಳಿ ಕಳುಹಿಸಿದೆನು. ಅಭ್ಯಾಸ ಸಾಲದು, ಇನ್ನಷ್ಟು ಕೂತು ಬರೆಯಲಿ ಎಂದಿರಬೇಕು. ಅದು ಉತ್ತರವಲ್ಲವೆಂಬುದು ಓಬಣ್ಣನ ಮುಖದಲ್ಲೇ ಕಾಣುತ್ತಿತ್ತು.

ಇದಾಗಿ ಹದಿನೇಳು ವರ್ಷಗಳ ಮೇಲೆ, ಕಳೆದ ವರ್ಷದ ಜೂನ್ ತಿಂಗಳಿನಲ್ಲಿ, ಬಳ್ಳಾರಿಯ ನಮ್ಮ ಮನೆಗೆ ಗೌತಮಿ ಬಂದಳು. ಕರೂರಿನ ಆಚೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿ ಅವಳು ಸೇರಿ ಎರಡು ವರ್ಷವಾಗುತ್ತಾ ಬಂದಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ; ಮುಂದಿನ ಮಾರ್ಚಿಗೆ ಆಗಬೇಕಾಗಿತ್ತು. ಮೂರು ದಿನದ ತರಬೇತಿ ಮುಗಿಸಿಕೊಂಡು ನೇರವಾಗಿ ಬಂದವಳು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಹೇಳಿದಳು:

“ಸರ್, ಅಪ್ಪನ ಪ್ರಶ್ನಿಗೆ ಉತ್ತರ ಸಿಕ್ಕೈತ್ರಿ.”

ತರಬೇತಿಯಲ್ಲಿ ಫ್ಲಿಪ್ಡ್ ಕ್ಲಾಸ್‌ರೂಮ್ ಎಂಬ ವಿಧಾನವನ್ನು ಹೇಳಿಕೊಟ್ಟಿದ್ದರಂತೆ. ಶಾಲೆಯಲ್ಲಿ ಪಾಠ ಕೇಳಿ, ಮನೆಯಲ್ಲಿ ಲೆಕ್ಕ ಮಾಡುವುದು ನಮ್ಮ ರೂಢಿ. ಇದು ಅದನ್ನು ತಿರುಗಿಸಿ ಹಾಕುತ್ತದೆ. ಪಾಠವನ್ನು ಮಕ್ಕಳು ಮನೆಯಲ್ಲಿ ಫೋನಿನಲ್ಲಿ ನೋಡಿಕೊಂಡು ಬರಬೇಕು. ಲೆಕ್ಕವನ್ನು ಶಾಲೆಯಲ್ಲಿ ಶಿಕ್ಷಕರ ಕಣ್ಣೆದುರು ಮಾಡಬೇಕು.

“ಪಾಠ ಕೇಳಾಕ ಮೇಷ್ಟ್ರು ಎದುರಿಗೆ ಇರಬೇಕಂತೇನಿಲ್ರಿ. ಲೆಕ್ಕದಾಗ ಸಿಕ್ಕೊಂಡು ಕುಂತಾಗ ಇರಬೇಕು. ನಮ್ಮದ್ರಾಗ ಅದು ಉಲ್ಟಾ. ಸುಮ್ನ ಕೇಳೂ ಹೊತ್ತಿನ್ಯಾಗ ಮೇಷ್ಟ್ರು ಮುಂದ ನಿಂತಿರತಾರ, ಸಿಕ್ಕೊಂಡಾಗ ಮನ್ಯಾಗ ಅಪ್ಪ ಇರತಾನ. ಅಪ್ಪಗ ಲೆಕ್ಕ ಬರಂಗಿಲ್ಲ. ನಾನು ಮನ್ಯಾಗ ದಡ್ಡಿ ಆಗಿದ್ದು ಅದಕ್ಕರಿ ಸರ್.”

ನನ್ನ ಹೆಂಡತಿ ಮಂಡಕ್ಕಿ ಒಗ್ಗರಣೆಯ ತಟ್ಟೆ ತಂದಿಟ್ಟಳು. ಗೌತಮಿ ತಟ್ಟೆ ಖಾಲಿಯಾಗುವವರೆಗೂ ಮಾತು ನಿಲ್ಲಿಸಲಿಲ್ಲ.

ಜುಲೈ ತಿಂಗಳಿನಲ್ಲಿ ಒಂಬತ್ತನೇ ತರಗತಿಗೆ ಅವಳು ಅದನ್ನು ಪ್ರಾರಂಭಿಸಿದಳು. ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ವಿಡಿಯೊ ಬರುವ ಫೋನು ಇದ್ದುದು ಹದಿನಾರು ಮನೆಗಳಲ್ಲಿ. ಅವಳು ಓಣಿ ಓಣಿ ತಿರುಗಿ ಮಕ್ಕಳನ್ನು ಗುಂಪು ಮಾಡಿದಳು. ಒಂದು ಓಣಿಗೆ ಒಂದು ಫೋನು, ಒಂದು ಅಂಗಳ, ಐದಾರು ಮಕ್ಕಳು. ತಂದೆಯರ ಫೋನು ತಂದೆಯರ ಜೇಬು ಬಿಟ್ಟು ಬರುವುದಿಲ್ಲವೆಂದು ಒಂದೇ ವಾರದಲ್ಲಿ ತಿಳಿಯಿತು. ಆದುದರಿಂದ ತಾಯಂದಿರ ಫೋನುಗಳಿಗೇ ಪಾಠ ಹೋಗತೊಡಗಿತು.

ಆ ವೇಳೆಗೆ ಕಾಲುವೆಗೆ ನೀರು ಬಿಟ್ಟಿದ್ದರು. ಭತ್ತದ ನಾಟಿ ನಡೆದಿತ್ತು. ಬೆಳಿಗ್ಗೆ ಕಳುಹಿಸಿದ ಪಾಠ ತಾಯಂದಿರೊಡನೆ ಗದ್ದೆಗೆ ಹೋಗುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೆಂಗಸರು ಬದುವಿನ ಮೇಲೆ ಕುಳಿತು, ಈ ಟೀಚರಮ್ಮ ಇವತ್ತು ಏನು ಹೇಳಿದ್ದಾಳೆ ನೋಡೋಣವೆಂದು ಫೋನು ಹಚ್ಚುತ್ತಿದ್ದರು. ಮಕ್ಕಳಿಗೆ ಸಂಜೆ ಆರಕ್ಕೆ ದೊರೆಯುವ ಪಾಠ ತಾಯಂದಿರಿಗೆ ಮಧ್ಯಾಹ್ನ ಒಂದಕ್ಕೇ ಮುಗಿದಿರುತ್ತಿತ್ತು. ಕೆಳಗಿನ ಓಣಿಯ ಎರ್ರಮ್ಮನಂತೂ ಮಗಳು ಪಂಪಾವತಿ ಶಾಲೆಯಿಂದ ಬಂದೊಡನೆ, “ಇವತ್ತಿಂದು ಬಾಳ ಸುಲಭ ಐತಲೇ, ನಿನಗ ತಿಳಿತೈತಿ” ಎಂದು ಅಭಯ ಕೊಡುತ್ತಿದ್ದಳು. ಎರ್ರಮ್ಮನಿಗೆ ಸಹಿ ಮಾಡಲೂ ಬಾರದು.

ಮಕ್ಕಳು ಇದಕ್ಕೆ ಉಲ್ಟಾ ಸಾಲಿ ಎಂದು ಹೆಸರಿಟ್ಟರು. ಮುಖ್ಯೋಪಾಧ್ಯಾಯ ಮರಿಬಸಪ್ಪನವರಿಗೆ ಹೊಸ ವಿಧಾನ ಹಿಡಿಸಿತು, ಹೆಸರು ಹಿಡಿಸಲಿಲ್ಲ.

“ನೋಟೀಸು ಬೋರ್ಡಿಗೆ ಹಾಕಮ್ಮ. ಆದ್ರ ಉಲ್ಟಾ ಗಿಲ್ಟಾ ಅಂತ ಬರೀಬ್ಯಾಡ. ಇಂಗ್ಲೀಷೂ ಬ್ಯಾಡ. ಚಂದಗ ಕನ್ನಡದಾಗ ಇರಲಿ.”

ಗೌತಮಿ ನನಗೆ ಫೋನು ಮಾಡಿದಳು. ಇಲ್ಲಿಂದ ಮುಂದಿನ ತಪ್ಪೆಲ್ಲ ನನ್ನದು. ಮನೆಯಲ್ಲಿ ಮಾಡುವ ಕೆಲಸ ಮನೆಗೆಲಸವಾದರೆ ಮನೆಯಲ್ಲಿ ಕೇಳುವ ಪಾಠ ಮನೆಪಾಠವಾಗಬೇಕಲ್ಲವೇ ಎಂದು ನಾನು ಹೇಳಿದೆನು. ಇಂಗ್ಲೀಷಿನ ಸೋಂಕಿಲ್ಲ, ನಾಲ್ಕೇ ಅಕ್ಷರ, ಬಾಯಿಗೂ ಹಗುರ. ನಮ್ಮ ಕಡೆ ಹಣ ತೆಗೆದುಕೊಂಡು ಖಾಸಗಿಯಾಗಿ ಹೇಳುವ ಪಾಠವನ್ನು ಎಲ್ಲರೂ ಟ್ಯೂಷನ್ನು ಎಂದೇ ಕರೆಯುತ್ತಾರೆ. ಅದೇ ಟ್ಯೂಷನ್ನಿಗೆ ಸರ್ಕಾರದ ಸುತ್ತೋಲೆಗಳಲ್ಲಿ ಮನೆಪಾಠ ಎಂಬ ಹೆಸರಿದೆ ಎಂಬುದೂ, ಸರ್ಕಾರಿ ಶಿಕ್ಷಕರು ಮನೆಪಾಠ ನಡೆಸಕೂಡದೆಂಬ ಸುತ್ತೋಲೆಗೆ ನಾನೇ ಎಷ್ಟೋ ಸಲ ರುಜು ಹಾಕಿದ್ದೇನೆಂಬುದೂ ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ. ನಿವೃತ್ತಿಯಾದ ಮೇಲೆ ಮನುಷ್ಯನು ಮೊದಲು ಮರೆಯುವುದು ಸುತ್ತೋಲೆಗಳನ್ನು.

ನೋಟೀಸು ಹೀಗಿತ್ತು: “ಒಂಬತ್ತನೇ ತರಗತಿಗೆ ಗಣಿತದ ಮನೆಪಾಠ ಪ್ರಾರಂಭವಾಗಿದೆ. ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ.”

ಊರಿನಲ್ಲಿ ಯಾರೂ ಅದನ್ನು ತಪ್ಪಾಗಿ ತಿಳಿಯಲಿಲ್ಲ. ಅವರಿಗೆ ಆ ಪದವೇ ಹೊಸದು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ದೊಡ್ಡಬಸವರಾಜಪ್ಪನವರು ದೊಡ್ಡ ಗದ್ದೆಯ ಒಡೆಯರು, ಅದಕ್ಕಿಂತ ದೊಡ್ಡ ಮನಸ್ಸಿನವರು. ತಮ್ಮೂರಿನ ಶಾಲೆಯಲ್ಲಿ ನಡೆಯುವ ಹೊಸತನ್ನು ತಾಲ್ಲೂಕಿಗೆಲ್ಲ ತೋರಿಸಬೇಕೆಂಬ ಹೆಮ್ಮೆಯಿಂದ ನೋಟೀಸಿನ ಫೋಟೊ ತೆಗೆದರು. ಕೆಳಗೆ ಮೂರು ಚಪ್ಪಾಳೆ, ಎರಡು ಹೂವು ಇಟ್ಟು, “ನಮ್ಮ ಹೆಮ್ಮೆ ಗೌತಮಿ ಮೇಡಂ” ಎಂದು ಬರೆದು, ತಮಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದರು. ಅವುಗಳ ಪೈಕಿ ಒಂದರಲ್ಲಿ ಇಲಾಖೆಯವರೂ ಇದ್ದರು.

ಹತ್ತು ದಿನದಲ್ಲಿ ಪತ್ರ ಬಂದಿತು. ಸದರಿ ಶಿಕ್ಷಕಿಯು ಕಡ್ಡಾಯ ಮನೆಪಾಠ ನಡೆಸುತ್ತಿರುವುದಾಗಿ ಗಮನಕ್ಕೆ ಬಂದಿರುತ್ತದೆ; ವಿಚಾರಣೆಗೆ ಶಿಕ್ಷಣ ಸಂಯೋಜಕರು ಶಾಲೆಗೆ ಬರಲಿದ್ದಾರೆ; ಅವರ ವರದಿಯನ್ನು ಪರಿಶೀಲಿಸಿದ ಬಳಿಕವೇ ಶಿಕ್ಷಕಿಯ ಖಾಯಮಾತಿಯ ಕಡತವನ್ನು ಮುಂದಕ್ಕೆ ಕಳುಹಿಸಲಾಗುವುದು.

ಗೌತಮಿ ಪತ್ರವನ್ನು ಫೋನಿನಲ್ಲಿ ನನಗೆ ಓದಿ ಹೇಳಿದಳು. ಧ್ವನಿ ಬಹಳ ಸಣ್ಣದಾಗಿತ್ತು.

“ಖಾಯಂ ಆಗದಿದ್ರ ಆ ಸಂಕಟ ಒಂದ್ ಕಡಿಗಿರ್ಲಿ ಸರ್. ಟ್ಯೂಷನ್ ಮಾಡಿದಾಕಿ ಅಂತ ಹೆಸರು ಬಂದ್ರ ಅಪ್ಪಗ ಏನ್ ಹೇಳ್ಲಿ? ಹುಡುಗ್ರಿಗೆ ಏನ್ ಹೇಳ್ಲಿ? ನಾಳಿಂದ ಮತ್ತ ಹಲಗಿ ಮುಂದ ನಿಂತು ಒದರ್ತೀನಿ, ನೀವು ಮನಿಗೆ ಹೋಗಿ ಅಳ್ರಿ ಅನ್ಲೇನು?”

ನಾನು ವಿಚಾರಣೆಯ ದಿನ ಬೆಳಿಗ್ಗೆ ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು ಹತ್ತಿದೆನು. ಪದ ಕೊಟ್ಟವನು ನಾನು. ಹೋಗಿ ಹೇಳುವುದು ನನ್ನ ಕರ್ತವ್ಯವೆಂದು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆನು. ಶಿಕ್ಷಣ ಸಂಯೋಜಕರ ಹೆಸರು ಪ್ರಭುಲಿಂಗ. ಐವತ್ತರ ಆಸುಪಾಸಿನವರು, ಒಂದು ಕಾಲದಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬೈಕಿನಿಂದ ಇಳಿದು, ಕೈಗವಸು ಕಳಚಿ, ಹೆಡ್‌ಮಾಸ್ತರರ ಕೋಣೆಯಲ್ಲಿ ಕುಳಿತರು. ನಾನು ಎದ್ದು ನಿಂತು ಪ್ರಾರಂಭಿಸಿದೆನು.

“ಸ್ವಾಮಿ, ಆ ಪದ…”

“ನೀವು ಯಾರ್ರಿ?”

“ನಿವೃತ್ತ ಕನ್ನಡ ಶಿಕ್ಷಕ. ಆ ಪದ…”

“ಯಜಮಾನ್ರ, ಕುಂದರ್ರಿ. ಕೇಳಿದಾಗ ಹೇಳೀರಂತ.”

ಜೋಡಿಸಿಕೊಂಡಿದ್ದ ಮಾತೆಲ್ಲ ಹಾಗೆಯೇ ಉಳಿಯಿತು. ಅವರು ತಾವಾಗಿಯೇ ತರಗತಿಗೆ ಹೊರಟರು. ಮರಿಬಸಪ್ಪನವರೂ, ದೊಡ್ಡಬಸವರಾಜಪ್ಪನವರೂ, ನಾನೂ ಹಿಂದೆ ನಡೆದೆವು.

ಒಂಬತ್ತನೇ ತರಗತಿಯಲ್ಲಿ ಗಲಾಟೆ ನಡೆದಿತ್ತು. ಕಪ್ಪುಹಲಗೆಯ ಮುಂದೆ ಯಾರೂ ಇರಲಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕುಳಿತು ಸೀಮೆಸುಣ್ಣದಿಂದ ನೆಲದ ಮೇಲೆಯೇ ಲೆಕ್ಕ ಬರೆಯುತ್ತಿದ್ದರು, ಒಬ್ಬರದನ್ನು ಒಬ್ಬರು ಕೈಯಿಂದ ಒರೆಸುತ್ತಿದ್ದರು, ಜಗಳವಾಡುತ್ತಿದ್ದರು. ಪ್ರಭುಲಿಂಗರು ಬಾಗಿಲಲ್ಲಿ ನಿಂತು ಶಿಕ್ಷಕಿಯನ್ನು ಹುಡುಕಿದರು. ಮೂಲೆಯ ಗುಂಪಿನ ನಡುವೆ ಮಂಡಿಯೂರಿ ಕುಳಿತಿದ್ದ ಗೌತಮಿ ಎದ್ದು ನಿಂತಳು. ಮೊಣಕಾಲಿನ ಬಳಿ ಸೀರೆ ಬೆಳ್ಳಗಾಗಿತ್ತು.

“ನೀವು ಹೊರಗ ಇರ್ರಿ ಮೇಡಂ” ಎಂದು ಅವಳನ್ನು ಕಳುಹಿಸಿ, ಅವರು ಬಾಗಿಲ ಬಳಿಯ ಗುಂಪಿನಲ್ಲಿದ್ದ ಹುಲುಗೇಶನನ್ನು ಎಬ್ಬಿಸಿದರು. ಹುಲುಗೇಶ ಬಾಯಿ ದೊಡ್ಡದಾದ ಹುಡುಗ. ಉತ್ತರ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಮೊದಲು ಕೈಯೆತ್ತುವವನು.

“ಇವತ್ತು ಮೇಡಂ ಏನು ಪಾಠ ಮಾಡಿದ್ರು?”

“ಏನೂ ಮಾಡಿಲ್ರಿ ಸರ್.”

“ನಿನ್ನಿ?”

“ನಿನ್ನೀನೂ ಮಾಡಿಲ್ರಿ.”

“ಮತ್ತ ಯಾವಾಗ ಮಾಡಿದ್ರು?”

“ಸಾಲ್ಯಾಗ ಪಾಠ ಮಾಡೋದು ಬಿಟ್ಟು ಎರಡು ತಿಂಗಳಾತ್ರಿ ಸರ್!” ಹುಲುಗೇಶನ ದನಿಯಲ್ಲಿ ಅಭಿಮಾನ ಉಕ್ಕುತ್ತಿತ್ತು.

ಮರಿಬಸಪ್ಪನವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

“ಹಂಗಾದ್ರ ಪಾಠ ಎಲ್ಲಿ ಮಾಡ್ತಾರ?”

“ಮನ್ಯಾಗ್ರಿ.”

“ಅವ್ರ ಮನ್ಯಾಗ?”

“ಇಲ್ರಿ, ಪಂಪಾವತಿ ಮನ್ಯಾಗ್ರಿ. ಸಂಜಿ ಆರಕ್ಕ. ದಿನಾ ಬರ್ತಾರ್ರಿ.”

“ಪಂಪಾವತಿ ಮನೀತನಕ ದಿನಾ ಬರ್ತಾರ?”

“ಹೌದ್ರಿ. ಆದ್ರ ಚಾ ಕುಡಿಯಂಗಿಲ್ರಿ.”

ತರಗತಿ ಘೊಳ್ಳೆಂದು ನಕ್ಕಿತು. ಹಿಂದಿನಿಂದ ಪಂಪಾವತಿ ಕೂಗಿದಳು: “ಲೇ ಹುಲುಗೇಶಾ, ಫೋನಿನ್ಯಾಗ ಬರ್ತಾರ ಅಂತ ಪೂರ್ತಿ ಹೇಳಲೇ! ಮೇಡಮ್ರನ್ನ ಮನಿಗೆ ಕಳಸ್ತಾರ ನಿನ್ನ ಮಾತು ಕೇಳಿ!”

ಪ್ರಭುಲಿಂಗರು ನಗಲಿಲ್ಲ. ಹೊರಗೆ ಬಂದು ಗೌತಮಿಯನ್ನು ನೋಡಿದರು. ಅವಳು ನಡೆದುದೆಲ್ಲವನ್ನೂ ಹೇಳಿದಳು. ತರಬೇತಿಯ ಕಾಗದ ತೋರಿಸಿದಳು, ಫೋನಿನಲ್ಲಿದ್ದ ಪಾಠಗಳನ್ನು ತೋರಿಸಿದಳು. ಅವರು ತಲೆಯಾಡಿಸಿದರು.

“ನೀವು ಹೇಳೋದು ನಿಮ್ಮ ಮಾತಮ್ಮ. ನಾನು ಬರೀಬೇಕಾದದ್ದು ನಾನು ಕಂಡದ್ದು. ಸಾಲ್ಯಾಗ ಪಾಠ ಇಲ್ಲ, ಅದನ್ನ ಕಂಡೆ. ಮನ್ಯಾಗ ಏನು ನಡೀತೈತಿ, ಅದನ್ನೂ ನೋಡಿ ಹೋಗ್ತೀನಿ. ಆರಕ್ಕಲ್ಲ? ಇರ್ತೀನಿ.”

ಸಂಜೆಯವರೆಗೂ ಗೌತಮಿ ಒಂದು ತುತ್ತು ತಿನ್ನಲಿಲ್ಲ. ಎಂಟನೇ ತರಗತಿಗೆ ಮಾತ್ರ ಎಂದಿನಂತೆ ಹೋಗಿ ಬಂದಳು. ನಾನು ಸಮಾಧಾನ ಹೇಳಲು ಹೋದರೆ ಅವಳೇ ನನಗೆ ಸಮಾಧಾನ ಹೇಳಿದಳು. “ಪದ ಚಲೋನ ಇತ್ತಲ್ರಿ ಸರ್” ಎಂದಳು. ಅದು ನನ್ನನ್ನು ಇನ್ನಷ್ಟು ಚುಚ್ಚಿತು.

ಎರ್ರಮ್ಮನ ಮನೆ ಕೆಳಗಿನ ಓಣಿಯಲ್ಲಿದೆ. ಎರಡು ಕೋಣೆ, ಮುಂದೆ ಸಾರಿಸಿದ ಅಂಗಳ, ಒಂದು ಬೇವಿನ ಗಿಡ. ನಾವು ಹೋದಾಗ ಅವಳು ಆಗತಾನೇ ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆಯುತ್ತಿದ್ದಳು. ಫೋನನ್ನು ಸಕ್ಕರೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಐದು ಮಂದಿ ಮಕ್ಕಳು ಆಗಲೇ ಚಾಪೆಯ ಮೇಲಿದ್ದರು. ಅಧಿಕಾರಿಗಳು ಬಂದಿದ್ದಾರೆಂದು ತಿಳಿದು ಅವಳು ಹೆದರಲಿಲ್ಲ. “ಬರ್ರಿ ಸಾಹೇಬ್ರ, ಚಾಪಿ ಸಣ್ಣದೈತಿ, ಸರದು ಕುಂದರ್ರಿ” ಎಂದಳು.

ಪ್ರಭುಲಿಂಗರು ಕುಳಿತು, ಕಾಗದ ತೆಗೆದು ಕೇಳಿದರು: “ಈ ಪಾಠಕ್ಕ ಮೇಡಮ್‌ಗೆ ನೀವು ಏನರ ಕೊಡ್ತೀರೇನವ್ವಾ?”

“ಕೊಡ್ತೀವ್ರಿ.”

ದೊಡ್ಡಬಸವರಾಜಪ್ಪನವರ ಬಾಯಿ ತೆರೆದುಕೊಂಡಿತು. ಗೌತಮಿ ಬೇವಿನ ಗಿಡಕ್ಕೆ ಒರಗಿದಳು.

“ಏನ್ ಕೊಡ್ತೀರಿ?”

“ಬೈಗಳ! ನನ್ನ ಫೋನಿನ ಚಾರ್ಜೆಲ್ಲಾ ಈ ಟೀಚರಮ್ಮನ ತಿಂತಾಳ. ತವರುಮನಿಗೆ ಮಾತಾಡಾಕ ಹೋದ್ರ ಫೋನ್ ಸತ್ತಿರತೈತಿ. ಅದಕ ದಿನಾ ಬೈತೀನಿ. ನೀವ ಬುದ್ಧಿ ಹೇಳ್ರಿ ಆಕಿಗೆ.”

ಪ್ರಭುಲಿಂಗರ ಮೀಸೆಯ ತುದಿ ಸ್ವಲ್ಪ ಅಲುಗಿತು. ಪಾಠ ಪ್ರಾರಂಭವಾಯಿತು.

ಅಂದಿನ ಪಾಠ ಬೀಜಗಣಿತದ್ದು: ಎ ಮತ್ತು ಬಿ ಎಂಬ ಎರಡು ಸಂಖ್ಯೆಗಳನ್ನು ಕೂಡಿಸಿ ವರ್ಗ ಮಾಡಿದರೆ ಏನು ಬರುತ್ತದೆ? ಫೋನಿನೊಳಗಿನ ಗೌತಮಿ ಅಡುಗೆಮನೆಯ ಬಾಗಿಲ ಮೇಲೆ ಒಂದು ಚೌಕ ಬರೆದಳು. ಇದು ಗದ್ದೆ. ಉದ್ದಕ್ಕೆ ಒಂದು ಬದು ಹಾಕಿದೆ, ಅಡ್ಡಕ್ಕೆ ಒಂದು ಬದು ಹಾಕಿದೆ. ಗದ್ದೆಯಲ್ಲಿ ನಾಲ್ಕು ಮಡಿ, ಅಂದರೆ ನಾಲ್ಕು ತುಂಡು, ಆದವು. ಒಂದು ದೊಡ್ಡ ಚೌಕ ಮಡಿ, ಒಂದು ಸಣ್ಣ ಚೌಕ ಮಡಿ. “ಉಳಿದಾವು ಎಂಥಾವು? ಹ್ಞೂಂ ಅನ್ರಿ” ಎಂದಳು. ಮಕ್ಕಳು ಹ್ಞೂಂ ಎಂದರು. ಉಳ್ಳಾಗಡ್ಡಿಯವನು ಕೂಗಿಹೋದನು. ಎರ್ರಮ್ಮ ಅಲ್ಲಿಯೇ ಪಾಠವನ್ನು ನಿಲ್ಲಿಸಿದಳು.

“ಈಗ ಒಬ್ಬೊಬ್ರ ಉತ್ತರ ಹೇಳ್ರಿ. ಆಮ್ಯಾಲೆ ಮುಂದಿಂದು. ಮೊದ್ಲು ಸಾಹೇಬ್ರು.”

“ನಾನ್ಯಾಕವ್ವಾ?”

“ನಮ್ಮ ಚಾಪಿ ಮ್ಯಾಲೆ ಕುಂತಾವ್ರು ಒಂದ್ ಉತ್ತರ ಹೇಳೇ ಏಳಬೇಕ್ರಿ. ಮೊನ್ನಿ ನಮ್ಮ ಅತ್ತೀನೂ ಹೇಳ್ಯಾಳ.”

ಮಕ್ಕಳೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಪ್ರಭುಲಿಂಗರು ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಎಂದೋ ಕಲಿತದ್ದನ್ನು ನೆನಪಿಗೆ ತಂದುಕೊಂಡು, ಗಂಭೀರವಾಗಿ ಹೇಳಿದರು: “ಎ ವರ್ಗ, ಕೂಡಿಸು ಬಿ ವರ್ಗ.”

ಹುಲುಗೇಶ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡನು. ಗೌತಮಿ ನೆಲ ನೋಡುತ್ತಿದ್ದಳು. ಎರ್ರಮ್ಮ ಮಾತ್ರ ನಿರಾಳವಾಗಿ ಹೇಳಿದಳು:

“ಎರಡು ಮಡಿ ಖಾಲಿ ಬಿಟ್ರೆಲ್ರಿ.”

“ಏನು?”

“ಮೂಲ್ಯಾಗಿನ ದೊಡ್ಡ ಮಡಿಗೆ ಸಸಿ ಹಚ್ಚಿದ್ರಿ. ಈ ಮೂಲ್ಯಾಗಿನ ಸಣ್ಣ ಮಡಿಗೂ ಹಚ್ಚಿದ್ರಿ. ಬಾಜೂಕ ಎರಡು ಉದ್ದನ್ನ ಮಡಿ ಅದಾವಲ್ರಿ, ಅವಕ್ಕ ಯಾರ್ ಹಚ್ಚಬೇಕು? ಹಂಗ ಬಿಟ್ಟು ಬದು ಹತ್ತಿದ್ರ ನಮ್ಮ ಬಸವರಾಜಪ್ಪಾರು ಸುಮ್ನ ಬಿಡ್ತಾರೇನ್ರಿ?”

“ಬಿಡಂಗಿಲ್ಲ ಬಿಡು” ಎಂದರು ದೊಡ್ಡಬಸವರಾಜಪ್ಪನವರು, ತಮಗರಿವಿಲ್ಲದೆಯೇ.

ಪಂಪಾವತಿ ಕಡ್ಡಿಯಿಂದ ಅಂಗಳದ ಮಣ್ಣಿನಲ್ಲಿ ಚೌಕ ಗೀರಿ ತೋರಿಸಿದಳು. ಎ ವರ್ಗ ಇಲ್ಲಿ, ಬಿ ವರ್ಗ ಇಲ್ಲಿ. ಇದು ಎ ಉದ್ದ, ಬಿ ಅಗಲ. ಇದೂ ಅದೇ ಅಳತೆ. ಎರಡು ಎಬಿ. ಪ್ರಭುಲಿಂಗರು ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದರು.

“ನಿನಗ ಎ, ಬಿ ಬರ್ತಾವೇನವ್ವಾ?” ಎಂದು ಎರ್ರಮ್ಮನನ್ನು ಕೇಳಿದರು.

“ಎ ಬಿ ಬರಂಗಿಲ್ರಿ. ಮಡಿ ಬರ್ತಾವು.”

ಅವರು ಆಗ ನಕ್ಕರು. ಹೊಟ್ಟೆ ಕುಲುಕುವಂತೆ ನಕ್ಕರು. “ಹತ್ತನೇ ಕ್ಲಾಸಿನಿಂದ ಇಲ್ಲೀತನಕ ಈ ಎರಡು ಮಡಿ ಬೀಳು ಬಿಟ್ಕೊಂಡು ಬಂದೀನಿ ನೋಡ್ರಿ! ಎರಡು ಎಬಿ ಅಂತ ಬಾಯಿಪಾಠ ಮಾಡಿದ್ದೆ, ಪರೀಕ್ಷಿ ಮುಗಿದ ಮ್ಯಾಲೆ ಮರ್ತೆ. ಎಲ್ಲಿಂದ ಬಂತು ಅಂತ ಒಬ್ಬರೂ ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ.” ಉಳಿದ ಪಾಠವನ್ನು ಅವರು ಮಕ್ಕಳೊಡನೆ ಹ್ಞೂಂ ಎನ್ನುತ್ತಲೇ ಕೇಳಿದರು.

ಆದರೆ ಪಾಠ ಮುಗಿದ ಮೇಲೆ ಕಾಗದ ಕೈಗೆ ತೆಗೆದುಕೊಂಡಾಗ ಅವರ ಮುಖದ ನಗು ಇಳಿಯಿತು. ಅಚ್ಚಾದ ನಮೂನೆ ಅದು. ಮೂರನೆಯ ಅಂಶದಲ್ಲಿ ಹೀಗಿತ್ತು: ಶಿಕ್ಷಕಿಯು ಮನೆಪಾಠ ನಡೆಸುತ್ತಿರುವುದು ನಿಜವೇ? ಹೌದು, ಇಲ್ಲ.

“ಇಲ್ಲಿ ಬಂದು ಸಿಕ್ಕೊಂಡೆ ನೋಡ್ರಿ” ಎಂದರು ಮರಿಬಸಪ್ಪನವರಿಗೆ. “ಹೌದು ಅಂತ ಬರದ್ರ ಈಕಿ ಕಡತ ಅಲ್ಲೇ ನಿಲ್ಲತೈತಿ. ಇಲ್ಲ ಅಂತ ಬರದ್ರ, ಬೋರ್ಡಿನ ಮ್ಯಾಲೆ ದೊಡ್ಡ ಅಕ್ಷರದಾಗ ಐತಿ, ಫೋಟೊ ಕಚೇರ್ಯಾಗ ಐತಿ. ನಾನು ಸುಳ್ಳು ಬರದಂಗ ಆಕ್ಕೈತಿ. ಮನೆಪಾಠ ನಡದದ್ದಂತೂ ಖರೇನ. ಈಗ ಕೂತು ಕೇಳೀನಿ.”

ನಾನು ಬಾಯಿ ತೆರೆಯಲು ಹೋಗಿ, ಕೇಳಿದಾಗ ಹೇಳಿರಿ ಎಂದಿದ್ದರಲ್ಲಾ ಎಂದು ಸುಮ್ಮನಾದೆನು. ಬೇವಿನ ಗಿಡದ ಬಳಿಯಿಂದ ಗೌತಮಿ ಮೆಲ್ಲಗೆ ಹೇಳಿದಳು:

“ಬಿಡಿಸಿ ಬರೀರಿ ಸರ್.”

“ಏನಮ್ಮ?”

“ಲೆಕ್ಕದಾಗ ಹಂಗ ಹೇಳ್ತೀವಲ್ರಿ, ಆವರಣ ಬಿಡಿಸಿ ಬರೀರಿ ಅಂತ. ಕೂಡಿಸಿ ಇಟ್ಟಾಗ ಒಳಗ ಏನೈತಿ ಅಂತ ಕಾಣಂಗಿಲ್ಲ. ಬಿಡಿಸಿದ್ರ ಕಾಣತೈತಿ.”

ಮೂವತ್ತನಾಲ್ಕು ವರ್ಷ ಪ್ರಶ್ನೆಪತ್ರಿಕೆಗಳಲ್ಲಿ ನಾನು ಬರೆದದ್ದೂ ಅದೇ ಎರಡು ಪದ: ಬಿಡಿಸಿ ಬರೆಯಿರಿ. ಗಣಿತದವರು ಆವರಣಕ್ಕೆ ಹೇಳುವುದನ್ನು ನಾವು ಸಮಾಸಕ್ಕೆ ಹೇಳುತ್ತೇವೆ. ಪ್ರಭುಲಿಂಗರು ಆಗ ನನ್ನತ್ತ ತಿರುಗಿದರು.

“ಯಜಮಾನ್ರ, ಈಗ ಹೇಳ್ರಿ. ಮನೆಪಾಠ ಬಿಡಿಸಿದ್ರ ಏನ್ ಬರತೈತಿ?”

“ಮನೆಯಲ್ಲಿ ಪಾಠ” ಎಂದೆನು. “ಸಪ್ತಮೀ ತತ್ಪುರುಷ. ಎರಡು ಪದ ಕೂಡಿದಾಗ ನಡುವಿನ ‘ಅಲ್ಲಿ’ ಪ್ರತ್ಯಯ ಬಿದ್ದುಹೋಗುತ್ತದೆ. ಬಿದ್ದುದನ್ನು ನೋಡದೆ ಪದ ಕೊಟ್ಟವನು ನಾನು.”

“ಬಿದ್ದದ್ದನ್ನ ಎತ್ತಿ ಇಡ್ರಿ ಮತ್ತ” ಎಂದು ಎರ್ರಮ್ಮ ಹೇಳಿದಳು, ಚಹಾದ ಲೋಟಗಳನ್ನು ನಮ್ಮ ಮುಂದೆ ಇಡುತ್ತಾ.

ಪ್ರಭುಲಿಂಗರು ಹೌದು, ಇಲ್ಲ ಎಂಬ ಎರಡನ್ನೂ ಅಡ್ಡಗೆರೆ ಎಳೆದು ಹೊಡೆದರು. ಕೆಳಗಿನ ಖಾಲಿ ಜಾಗದಲ್ಲಿ ದುಂಡಾದ ಅಕ್ಷರಗಳಿಂದ ಬರೆದು, ಗಟ್ಟಿಯಾಗಿ ಓದಿದರು: “ನೋಟೀಸಿನಲ್ಲಿರುವ ಮನೆಪಾಠ ಎಂದರೆ ಮನೆಯಲ್ಲಿ ಪಾಠ; ಟ್ಯೂಷನ್ ಅಲ್ಲ. ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಪಾಠ ಕೇಳಿ ಶಾಲೆಯಲ್ಲಿ ಲೆಕ್ಕ ಮಾಡುತ್ತಾರೆ. ಯಾವುದೇ ಶುಲ್ಕವಿಲ್ಲ. ಖುದ್ದಾಗಿ ಕುಳಿತು ನೋಡಿರುತ್ತೇನೆ. ಪಾಲಕರಿಗೆ ವಿಷಯ ಚೆನ್ನಾಗಿ ತಿಳಿದಿರುತ್ತದೆ.” ಸ್ವಲ್ಪ ಯೋಚಿಸಿ ಇನ್ನೊಂದು ವಾಕ್ಯ ಸೇರಿಸಿದರು: “ಅಧಿಕಾರಿಗೂ ತಿಳಿಯಿತು.”

ಗೌತಮಿ ಬೆಳಗಿನಿಂದ ಮೊದಲ ಸಲ ಏನನ್ನಾದರೂ ಬಾಯಿಗೆ ಹಾಕಿಕೊಂಡದ್ದು ಎರ್ರಮ್ಮನ ಮನೆಯ ರೊಟ್ಟಿ. ಎರಡು ರೊಟ್ಟಿ ತಿಂದಳು. ಹುಲುಗೇಶ ಅವಳ ಪಕ್ಕದಲ್ಲಿ ನಿಂತು, “ಮೇಡಂ, ನಾನು ಸುಳ್ಳೇನೂ ಹೇಳಿಲ್ಲಲ್ರಿ?” ಎಂದು ಮೂರು ಸಲ ಕೇಳಿದನು. ಮೂರು ಸಲವೂ ಅವಳು ಇಲ್ಲವೆಂದು ತಲೆಯಾಡಿಸಿದಳು, ಬಾಯಿ ತುಂಬಿತ್ತು.

ಎಲ್ಲವೂ ಅಂದೇ ಸರಿಹೋಯಿತೆಂದು ಹೇಳಲಾರೆ. ವರದಿ ಓದಿ ಕಚೇರಿಯವರು ಇನ್ನೆರಡು ಸಲ ವಿವರಣೆ ಕೇಳಿದರಂತೆ. ತರಗತಿಯ ಐದಾರು ಮಕ್ಕಳು ಪಾಠವನ್ನು ನೋಡದೆ ಬಂದು, ನೋಡಿದವರ ನಡುವೆ ತಲೆಮರೆಸಿಕೊಂಡು ಕೂರುತ್ತಿದ್ದರು. ಅವರನ್ನು ಹಿಡಿಯುವುದಕ್ಕೆ ಗೌತಮಿಗೆ ಡಿಸೆಂಬರ್ ತಿಂಗಳಾಯಿತು. ನೋಟೀಸು ಮಾತ್ರ ಮರುದಿನವೇ “ಮನೆಯಲ್ಲಿ ಪಾಠ, ಶಾಲೆಯಲ್ಲಿ ಲೆಕ್ಕ” ಎಂದು ಬದಲಾಯಿತು. ದೊಡ್ಡಬಸವರಾಜಪ್ಪನವರು ಅದರ ಫೋಟೊ ತೆಗೆಯಲು ಬಂದಾಗ ಮರಿಬಸಪ್ಪನವರು ಬಾಗಿಲಿಗೆ ಅಡ್ಡ ನಿಂತು, ತಾವು ಒಮ್ಮೆ, ಗೌತಮಿ ಒಮ್ಮೆ, ಫೋನಿನಲ್ಲಿ ನಾನು ಒಮ್ಮೆ ಓದಿದ ಮೇಲೆಯೇ ಬಿಟ್ಟರು.

ಮಾರ್ಚ್ ತಿಂಗಳ ಎರಡನೆಯ ವಾರದಲ್ಲಿ ಖಾಯಮಾತಿಯ ಆದೇಶ ಬಂದಿತು. ಮರಿಬಸಪ್ಪನವರೇ ಅದನ್ನು ಹಿಡಿದುಕೊಂಡು ತರಗತಿಗೆ ಹೋದರಂತೆ. ಗೌತಮಿ ಓದಿದಳು, ಇನ್ನೊಮ್ಮೆ ಓದಿದಳು, ಸಹಿ ಹಾಕಿ ಹಿಂದಕ್ಕೆ ಕೊಟ್ಟಳು. ಕಾಗದದ ತುಂಬ ಐದು ಬೆರಳಿನ ಬಿಳಿಯ ಗುರುತು ಮೂಡಿತ್ತು.

“ಸರ್ಕಾರದ ಆದೇಶಕ್ಕ ಸುಣ್ಣ ಹಚ್ಚಿ ಕೊಟ್ಟೆಲ್ಲಮ್ಮ!” ಎಂದು ಮರಿಬಸಪ್ಪನವರು ಊದಿ ಊದಿ ಒರೆಸತೊಡಗಿದರು.

“ಮೇಡಂ, ಅದು ಆಮ್ಯಾಲೆ ಓದ್ರಿ” ಎಂದು ಪಂಪಾವತಿ ನೆಲದ ಮೇಲಿನಿಂದಲೇ ಕರೆದಳು. “ಇಲ್ಲಿ ಮೂವರದು ಮೂರು ಉತ್ತರ ಬಂದೈತ್ರಿ. ಹುಲುಗೇಶ ತನ್ನದ ಖರೆ ಅಂತ ಕುಂತಾನ. ಲಗೂನ ಬರ್ರಿ.”

ಗೌತಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಅವರ ನಡುವೆ ಕುಳಿತಳು.